ಮ್ಯಾನ್ಯುಯಲ್‌ನ ಬದನೆಕಾಯಿ

ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಈ ಸಲ ಡೇಟಾಬೇಸ್

ಎರಡು ಸಂಚಿಕೆ ಹಿಂದೆ ಒಂದು ಮಾತು ಕೇಳಿದ್ದೆ. ಡೇಟಾಬೇಸ್ ಕ್ವೆರಿ, ಅಂದರೆ ಕಂಪ್ಯೂಟರಿನಲ್ಲಿ ಟೇಬಲ್ ಮಾಡಿ ಇಟ್ಟ ಮಾಹಿತಿಗೆ ಕೇಳುವ ಪ್ರಶ್ನೆ, ಬರೆಯುವಾಗ ಪುಸ್ತಕ ಒಂದು ಹೇಳಿ ಮಷೀನ್ ಇನ್ನೊಂದು ಮಾಡಿದ ಅನುಭವ ಇದ್ದರೆ ಬರೆಯಿರಿ ಅಂತ. ರಾಯಚೂರಿನ ಈ ಬಿಸಿಲಲ್ಲಿ ಯಾರು ಕೂತು ಪತ್ರ ಬರೀತಾರೆ, ನಾಲ್ಕೈದು ಬಂದರೆ ದೊಡ್ಡದು ಅಂದುಕೊಂಡಿದ್ದೆ. ಮಿಲ್‌ನಿಂದ ಬಂದವು, ಜೀನ್ಸ್ ಘಟಕದಿಂದ ಬಂದವು, ಕಾಲೇಜು ಹುಡುಗರಿಂದಂತೂ ಕಟ್ಟುಗಟ್ಟಲೆ ಬಂದವು. ಹೆಸರು ಹಾಕಬೇಡಿ ಅಂತ ಬಹಳ ಮಂದಿ ಕೇಳಿಕೊಂಡಿದ್ದೀರಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ. ಕೊನೆಯ ಪತ್ರದಲ್ಲಿ ನನ್ನದೇ ತಪ್ಪನ್ನು ಒಬ್ಬರು ಹಿಡಿದಿದ್ದಾರೆ, ಅದನ್ನೂ ಮುಚ್ಚಿಟ್ಟಿಲ್ಲ.

ಪ್ರಶ್ನೆ: ಮೇಡಂ, ನಾನು ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಲಾರಿಗಳ ತೂಕದ ಚೀಟಿ ಎಲ್ಲ ಕಂಪ್ಯೂಟರ್‌ಗೆ ಹೋಗುತ್ತವೆ. ನವೆಂಬರ್ ಲೆಕ್ಕ ತೆಗೆದರೆ 30ನೇ ತಾರೀಖಿನ ಲಾರಿಗಳು ಬರುವುದೇ ಇಲ್ಲ. ಇಲ್ಲಿಂದ ಇಲ್ಲಿತನಕ ಅಂತ ಹೇಳುವ ಬಿಟ್ವೀನ್ ಹಾಕಿದರೆ ಎರಡೂ ತುದಿ ಸೇರುತ್ತವೆ ಅಂತ ನಾನು ಓದಿದ ಕಡೆಯೆಲ್ಲ ಇದೆ. ಮಾಲೀಕರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಾರೆ. ಪುಸ್ತಕ ಸುಳ್ಳಾ?
- ಸಿಂಧನೂರು

ಉತ್ತರ: ಮೊದಲು ಈ ಪುಟವನ್ನು ಮಾಲೀಕರಿಗೆ ತೋರಿಸಿ. ಲಾರಿ ನೀವು ನುಂಗಿಲ್ಲ.

ಪುಸ್ತಕ ಸುಳ್ಳಲ್ಲ, ಅರ್ಧ ಸತ್ಯ. ಬಿಟ್ವೀನ್ ಎರಡೂ ತುದಿಯನ್ನು ಸೇರಿಸಿಕೊಳ್ಳುತ್ತದೆ, ಅದು ನಿಜ. ಆದರೆ ತುದಿ ಅಂದರೆ ಯಾವುದು ಅಂತ ಪುಸ್ತಕ ಹೇಳಲಿಲ್ಲ. ನಿಮ್ಮ ತೂಕದ ಚೀಟಿಯಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷ, ಸೆಕೆಂಡ್ ಕೂಡ ಸೇರಿಕೊಂಡು ಕೂತಿರುತ್ತದೆ. ನೀವು ಕ್ವೆರಿಯಲ್ಲಿ ಸುಮ್ನೆ ನವೆಂಬರ್ 30 ಅಂತ ಬರೆದರೆ ಡೇಟಾಬೇಸ್ ಅದನ್ನು 30ನೇ ತಾರೀಖು ಶುರುವಾಗುವ ಆ ಮಧ್ಯರಾತ್ರಿ 12 ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡ್ ಅಂತ ಓದಿಕೊಳ್ಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಯಾವುದಾದರೂ ಲಾರಿ ತೂಕದ ಕಟ್ಟೆ ಹತ್ತಿದ್ದರೆ ಅದೊಂದು ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಏಳರಿಂದ ರಾತ್ರಿ ತನಕ ಬಂದ ಉಳಿದವೆಲ್ಲ ಹೊರಗೆ.

ಪರಿಹಾರ ಸುಲಭ. ಬಿಟ್ವೀನ್ ಬಿಡಿ. ನವೆಂಬರ್ 1 ಅಥವಾ ಅದರ ನಂತರದ್ದು, ಮತ್ತು ಡಿಸೆಂಬರ್ 1ಕ್ಕಿಂತ ಮೊದಲಿನದು, ಹೀಗೆ ಎರಡು ಷರತ್ತು ಬರೆಯಿರಿ. ಮೇಲಿನ ತುದಿಗೆ ಬರೀ ಚಿಕ್ಕದು ಅನ್ನುವ ಗುರುತು ಮಾತ್ರ, ಸಮ ಅನ್ನುವ ಗುರುತು ಬೇಡ. ತಿಂಗಳಿಗೆ 30 ದಿನವೋ 31 ದಿನವೋ, ಫೆಬ್ರವರಿಗೆ ಎಷ್ಟೋ ಅನ್ನುವ ತಲೆನೋವೂ ಇದರಲ್ಲಿ ಇಲ್ಲ.

ಕೆಲವರು ಬಿಟ್ವೀನ್ ಮೇಲಿನ ಪ್ರೀತಿ ಬಿಡದೆ ಕೊನೆಯ ದಿನಕ್ಕೆ ರಾತ್ರಿ 23:59:59 ಅಂತ ಸೇರಿಸುತ್ತಾರೆ. ಸೆಕೆಂಡಿನ ಒಳಗೂ ಸಮಯ ಇರುತ್ತದಲ್ಲ, ಆ ಕೊನೆಯ ಸೆಕೆಂಡಿನ ತುಣುಕುಗಳು ಸೋರಿ ಹೋಗುತ್ತವೆ. ಅದನ್ನೂ ತಡೆಯೋಣ ಅಂತ 23:59:59.999 ಹಾಕಿದರೆ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್‌ನ ಹಳೆಯ ಡೇಟ್‌ಟೈಮ್ ಕಾಲಂ ಅದನ್ನು ಮೇಲಕ್ಕೆ ಸರಿಸಿ ಮರುದಿನದ ಮಧ್ಯರಾತ್ರಿ ಮಾಡಿಬಿಡುತ್ತದೆ. ಇನ್ನು ಒರಾಕಲ್ ಅನ್ನುವ ಡೇಟಾಬೇಸ್‌ನಲ್ಲಿ ಕಾಲಂನ ಬಗೆಯ ಹೆಸರೇ ಡೇಟ್ ಅಂತ ಇದ್ದರೂ ಅದರೊಳಗೆ ಸೆಕೆಂಡ್ ತನಕ ಸಮಯ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ.

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಮ್ಯಾನ್ಯುಯಲ್‌ನಲ್ಲೂ ಎರಡು ತುದಿ ಸೇರುತ್ತವೆ ಅಂತಲೇ ಇದೆ. ಅದೇ ಪೋಸ್ಟ್‌ಗ್ರೆಸ್ ಬಳಗದವರು ಬೇರೆ ಕಡೆ "ಇವನ್ನು ಮಾಡಬೇಡಿ" ಅಂತ ಒಂದು ಪಟ್ಟಿ ಇಟ್ಟಿದ್ದಾರೆ, ಅದರಲ್ಲಿ ಸಮಯ ಇರುವ ಕಾಲಂಗೆ ಬಿಟ್ವೀನ್ ಹಾಕಬೇಡಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಔಷಧಿ ಒಂದು ಚೀಟಿಯಲ್ಲಿ, ಪಥ್ಯ ಇನ್ನೊಂದು ಚೀಟಿಯಲ್ಲಿ ಕೊಟ್ಟ ಹಾಗೆ. ನನಗೆ ಡಾಕ್ಯುಮೆಂಟ್‌ಗಳ ಮೇಲೆ ಇರುವ ದೊಡ್ಡ ಸಿಟ್ಟು ಇದೇ. ಪೂರಾ ತಪ್ಪು ಬರೆದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತದೆ. ಅರ್ಧ ಬರೆದದ್ದು ತಿಂಗಳ ಕೊನೆಗೇ ಗೊತ್ತಾಗುವುದು.

ಪ್ರಶ್ನೆ: ಅಕ್ಕಾ, ಬಿಸಿಎ ಓದುತ್ತಿದ್ದೇನೆ. ಸೀನಿಯರ್ ಕೊಟ್ಟ ಜೆರಾಕ್ಸ್ ನೋಟ್ಸ್‌ನ ಪಿಡಿಎಫ್‌ನಿಂದ ಕ್ವೆರಿ ಕಾಪಿ ಮಾಡಿ ಹಾಕಿದರೆ ಒಂದೂ ಓಡುವುದಿಲ್ಲ. ಅದೇ ಕ್ವೆರಿ ನಾನೇ ಟೈಪ್ ಮಾಡಿದರೆ ಓಡುತ್ತದೆ! ಅಕ್ಷರ ಅಕ್ಷರ ಹೋಲಿಸಿ ನೋಡಿದ್ದೇನೆ, ಎರಡೂ ಒಂದೇ.
- ರಾಯಚೂರು

ಉತ್ತರ: ಎರಡೂ ಒಂದೇ ಅಲ್ಲ ತಂಗಿ. ಕೋಟ್ ಗುರುತನ್ನು ಹತ್ತಿರದಿಂದ ನೋಡು. ನೋಟ್ಸ್ ಮಾಡಿದವರು ವರ್ಡ್‌ನಲ್ಲಿ ಟೈಪ್ ಮಾಡಿರುತ್ತಾರೆ, ಅದು ನೆಟ್ಟಗಿನ ಕೋಟ್ ಅನ್ನು ತಾನಾಗಿಯೇ ಬಾಗಿದ ಕೋಟ್ ಮಾಡುತ್ತದೆ, ಓದೋದಕ್ಕೆ ಚಂದ ಕಾಣಲಿ ಅಂತ. ಡೇಟಾಬೇಸ್‌ಗೆ ಆ ಚಂದ ಬೇಕಿಲ್ಲ. ಅದಕ್ಕೆ ಬೇಕಿರುವುದು ಕೀಬೋರ್ಡ್‌ನಲ್ಲಿ ನೆಟ್ಟಗೆ ನಿಂತಿರುವ ಒಂಟಿ ಕೋಟ್. ಎರಡು ಅಡ್ಡಗೆರೆ ಹಾಕಿ ಕಾಮೆಂಟ್, ಅಂದರೆ ಮಷೀನ್ ಓದದ ಟಿಪ್ಪಣಿ, ಬರೆಯುತ್ತೀವಲ್ಲ, ವರ್ಡ್ ಅದನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡಿರುತ್ತದೆ. ಜೊತೆಗೆ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿ ಆ ಎರಡು ಅಡ್ಡಗೆರೆ ಆದ ಮೇಲೆ ಒಂದು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಅದು ಕಾಮೆಂಟ್ ಅಂತ ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಆ ಜಾಗ ಬೇಕಿಲ್ಲ.

ನಿನ್ನ ಪತ್ರದ ಜೊತೆ ನೋಟ್ಸ್‌ನ ಒಂದು ಪುಟದ ಫೋಟೋ ಇಟ್ಟಿದ್ದೀಯ, ಅದನ್ನೂ ಓದಿದೆ. ಮೊದಲ ಸಾಲಲ್ಲೇ "ಎಸ್‌ಕ್ಯೂಎಲ್ ಕಂಡುಹಿಡಿದವರು ಕಾಡ್, 1970" ಅಂತ ಇದೆ. ಎಡ್ಗರ್ ಕಾಡ್ 1970ರಲ್ಲಿ ಬರೆದದ್ದು ರಿಲೇಷನಲ್ ಮಾದರಿಯ ಪ್ರಬಂಧ, ಅಂದರೆ ಡೇಟಾವನ್ನು ಟೇಬಲ್‌ಗಳ ಹಾಗೆ ನೋಡುವ ತತ್ವ. ಎಸ್‌ಕ್ಯೂಎಲ್, ಅಂದರೆ ಕ್ವೆರಿ ಬರೆಯುವ ಭಾಷೆ, ಮಾಡಿದವರು ಕಾಡ್ ಇದ್ದ ಐಬಿಎಂ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, 1974ರಲ್ಲಿ. ಆಗ ಅದರ ಹೆಸರು ಸೀಕ್ವೆಲ್. ಆ ಹೆಸರಿನ ಟ್ರೇಡ್‌ಮಾರ್ಕ್ ಬೇರೆ ಕಂಪನಿ ಹತ್ತಿರ ಇದ್ದದ್ದರಿಂದ ಎಸ್‌ಕ್ಯೂಎಲ್ ಆಯಿತು. ಅಮೆರಿಕದ ಮಾನಕ ಸಂಸ್ಥೆ 1986ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆ 1987ರಲ್ಲಿ ಅದನ್ನು ಒಪ್ಪಿದವು. ಪರೀಕ್ಷೆಯಲ್ಲಿ ಕೇಳಿದರೆ ಕಾಡ್ ಕೆಲಸ, ಭಾಷೆ ಮಾಡಿದವರ ಕೆಲಸ ಎರಡನ್ನೂ ಬೇರೆ ಬೇರೆ ಬರೆ, ಮಾರ್ಕ್ಸ್ ಕತ್ತರಿಸಲು ಬರುವುದಿಲ್ಲ.

ಪ್ರಶ್ನೆ: ಕಾಲೇಜು ಲ್ಯಾಬ್‌ನಲ್ಲಿ ಮಾರ್ಕ್ಸ್ ಕಾಲಂಗೆ ಚೆಕ್ ಷರತ್ತು ಹಾಕಿದೆ, 0ಯಿಂದ 100ರ ಒಳಗೇ ಇರಬೇಕು ಅಂತ. ಆಮೇಲೆ ಮೈನಸ್ 5 ಹಾಕಿದರೆ ಸುಮ್ನೆ ತಗೊಂಡಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಎರರ್ ಕೊಟ್ಟಿತು. ಪಠ್ಯಪುಸ್ತಕದಲ್ಲಿ "ಮೈಎಸ್‌ಕ್ಯೂಎಲ್ ಚೆಕ್ ಅನ್ನು ಲೆಕ್ಕಿಸುವುದಿಲ್ಲ" ಅಂತ ಇದೆ. ಯಾವುದು ಸರಿ?
- ಮಾನ್ವಿ

ಉತ್ತರ: ಮೂರೂ ಸರಿ. ಇದೇ ಈ ವಿಷಯದ ಮಜಾ.

ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಿಂದಿನ ವರ್ಷನ್‌ಗಳು ಚೆಕ್ ಷರತ್ತನ್ನು ಓದುತ್ತಿದ್ದವು, ವ್ಯಾಕರಣ ಸರಿ ಇದೆ ಅಂತ ಒಪ್ಪುತ್ತಿದ್ದವು, ಆಮೇಲೆ ಬಿಸಾಡುತ್ತಿದ್ದವು. ಅರ್ಜಿ ತಗೊಂಡು, ಸೀಲ್ ಹೊಡೆದು, ರಸೀದಿ ಕೊಟ್ಟು, ಕಾಗದವನ್ನು ಮೂಲೆಗೆ ಎಸೆದ ಹಾಗೆ. ಒಂದು ಎಚ್ಚರಿಕೆಯ ಮಾತೂ ಇಲ್ಲ. ಅವರ ಮ್ಯಾನ್ಯುಯಲ್‌ನಲ್ಲಿ ಇದನ್ನು ಒಂದೇ ಸಾಲಲ್ಲಿ ಬರೆದಿದ್ದರು, ಆ ಸಾಲು ನೋಡದವರ ಗತಿ ನಿನ್ನ ಲ್ಯಾಬಿನ ಮೈನಸ್ 5. 2019ರಲ್ಲಿ ಬಂದ 8.0.16ರಿಂದ ಚೆಕ್ ನಿಜವಾಗಿ ಕೆಲಸ ಮಾಡುತ್ತದೆ, ಷರತ್ತು ಮುರಿದರೆ 3819 ನಂಬರಿನ ಎರರ್ ಬರುತ್ತದೆ. ನಿನ್ನ ಪುಸ್ತಕ ಅದಕ್ಕೂ ಮೊದಲು ಬರೆದದ್ದು. ಬರೆದ ದಿನ ಸರಿ ಇತ್ತು, ಈಗ ಹಳಸಿದೆ.

ಇನ್ನೊಂದು ಸಂಗತಿ. ಲ್ಯಾಬ್‌ನಲ್ಲಿ ಅಥವಾ ಮನೆಯಲ್ಲಿ ಕ್ಸಾಂಪ್ ಅನ್ನುವ ತಂತ್ರಾಂಶದ ಕಟ್ಟು ಹಾಕಿಕೊಂಡಿದ್ದರೆ ಅದರೊಳಗೆ ಇರುವುದು ಮೈಎಸ್‌ಕ್ಯೂಎಲ್ ಅಲ್ಲ, ಮರಿಯಾಡಿಬಿ. ಬಟನ್ ಮೇಲೆ ಮೈಎಸ್‌ಕ್ಯೂಎಲ್ ಅಂತ ಬರೆದಿರುವುದರಿಂದ ಅರ್ಧ ಕರ್ನಾಟಕದ ವಿದ್ಯಾರ್ಥಿಗಳು ತಾವು ಮೈಎಸ್‌ಕ್ಯೂಎಲ್ ಕಲಿಯುತ್ತಿದ್ದೇವೆ ಅಂದುಕೊಂಡಿದ್ದಾರೆ. ಇವು ಒಂದೇ ಮನೆಯಲ್ಲಿ ಹುಟ್ಟಿ ಬೇರೆಯಾದ ಅಣ್ಣತಮ್ಮಂದಿರು. ಮುಖ ಒಂದೇ, ಸಂಸಾರ ಬೇರೆ. ಮರಿಯಾಡಿಬಿ 10.2ರ ಕಾಲದಲ್ಲೇ ಚೆಕ್ ಅನ್ನು ಜಾರಿಗೆ ತಂದಿತ್ತು. ಹಾಗಾಗಿ ಯಾವ ಮಷೀನ್ ಮುಂದೆ ಕೂತರೂ ಮೊದಲ ಕ್ವೆರಿ ಸೆಲೆಕ್ಟ್ ವರ್ಷನ್ ಆಗಿರಲಿ. ಬಂದ ಉತ್ತರವನ್ನು ನೋಟ್‌ಬುಕ್‌ನ ಮೇಲೆ ಬರೆದುಕೋ, ಆಮೇಲೆ ಅದೇ ನಂಬರಿನ ಮ್ಯಾನ್ಯುಯಲ್ ತೆರೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವ ಪುಟ ನಿನ್ನ ವರ್ಷನ್‌ನದೇ ಆಗಿರಬೇಕು ಅಂತೇನಿಲ್ಲ.

ಪ್ರಶ್ನೆ: ಗ್ರೂಪ್ ಬೈ ಹಾಕಿದ ಕ್ವೆರಿ ನಮ್ಮ ಸರ್ ಬೋರ್ಡ್ ಮೇಲೆ ಬರೆದ ಹಾಗೇ ಬರೆದರೂ ಎರರ್. ಸರ್ ಹೇಳ್ತಾರೆ ಹಿಂದೆ ಓಡ್ತಿತ್ತು ಅಂತ.
- ಕುಷ್ಟಗಿ

ಉತ್ತರ: ಸರ್ ಸುಳ್ಳು ಹೇಳುತ್ತಿಲ್ಲ. ಗ್ರೂಪ್ ಬೈ ಅಂದರೆ ಒಂದೇ ಬೆಲೆಯ ಸಾಲುಗಳನ್ನು ಗುಂಪು ಮಾಡುವುದು. ಮೈಎಸ್‌ಕ್ಯೂಎಲ್ 5.7.5ರಿಂದ ನಿಯಮ ಬಿಗಿಯಾಯಿತು. ಅದಕ್ಕೂ ಮುಂಚೆ ಗುಂಪು ಮಾಡದ ಕಾಲಂ ಕೇಳಿದರೂ ಗುಂಪಿನೊಳಗಿನ ಯಾವುದೋ ಒಂದು ಸಾಲಿನ ಬೆಲೆಯನ್ನು ಎತ್ತಿ ಕೊಡುತ್ತಿತ್ತು, ಅಂದರೆ ಓಡುತ್ತಿತ್ತು ನಿಜ, ಉತ್ತರ ಸರಿ ಅನ್ನುವ ಭರವಸೆ ಇರಲಿಲ್ಲ. ಎರರ್ ಬಂದದ್ದೇ ಒಳ್ಳೆಯದು.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಈ ವರ್ಷ ಒಂದೂ ಆರ್ಡರ್ ಕೊಡದ ಗಿರಾಕಿಗಳ ಪಟ್ಟಿ ಬೇಕಿತ್ತು, ಫೋನ್ ಮಾಡಿ ಮಾತಾಡೋಣ ಅಂತ. ಗಿರಾಕಿ ಟೇಬಲ್‌ನಿಂದ, ಆರ್ಡರ್ ಟೇಬಲ್‌ನಲ್ಲಿ ನಾಟ್ ಇನ್ ಅಂತ ಹಾಕಿದೆ. ಉತ್ತರ ಖಾಲಿ. ಎರರ್ ಕೂಡ ಇಲ್ಲ. ಆರ್ಡರ್ ಕೊಡದವರು ಇದ್ದಾರೆ ಅಂತ ನನಗೇ ಗೊತ್ತು, ಹೆಸರು ಬಾಯಲ್ಲೇ ಇದೆ. ಟ್ಯುಟೋರಿಯಲ್‌ನಲ್ಲಿ ಇದೇ ಕ್ವೆರಿ ಚೆನ್ನಾಗಿ ಓಡುತ್ತದೆ.
- ಬಳ್ಳಾರಿ

ಉತ್ತರ: ನಿಮ್ಮ ಆರ್ಡರ್ ಟೇಬಲ್‌ನಲ್ಲಿ ಗಿರಾಕಿ ನಂಬರ್ ಖಾಲಿ ಬಿಟ್ಟ ಸಾಲು ಒಂದಾದರೂ ಇದೆ. ನಗದು ಕೊಟ್ಟು ಕೌಂಟರ್‌ನಲ್ಲೇ ಒಯ್ದವರದ್ದು ಇರಬೇಕು, ಹುಡುಕಿ ನೋಡಿ. ಆ ಖಾಲಿಗೆ ಡೇಟಾಬೇಸ್ ಭಾಷೆಯಲ್ಲಿ ನಲ್ ಅನ್ನುತ್ತಾರೆ.

ಮದುವೆ ಮನೆಯ ಮುಯ್ಯಿ ಪುಸ್ತಕ ನೆನಪು ಮಾಡಿಕೊಳ್ಳಿ. ಮುನ್ನೂರು ಹೆಸರು, ಎದುರಿಗೆ ರೂಪಾಯಿ. ಒಂದು ಕವರ್ ಮೇಲೆ ಮಾತ್ರ ಹೆಸರಿಲ್ಲ, ಒಳಗೆ 501 ಇದೆ. ಈಗ ಯಾರೋ ಬಂದು "ಯಾರು ಮುಯ್ಯಿ ಮಾಡಿಲ್ಲ, ಖಾತ್ರಿಯಾಗಿ ಹೇಳು" ಅಂದರೆ ಪುಸ್ತಕ ಬರೆದವನು ಏನು ಹೇಳಬೇಕು? ಎದುರುಮನೆಯವರ ಹೆಸರು ಪುಸ್ತಕದಲ್ಲಿ ಇಲ್ಲ. ಆದರೆ ಆ ಹೆಸರಿಲ್ಲದ ಕವರ್ ಅವರದ್ದೇ ಇರಬಹುದಲ್ಲ? ಸೋದರಮಾವನ ಮಗಂದೂ ಇರಬಹುದಲ್ಲ? ಖಾತ್ರಿಯಾಗಿ ಯಾರ ಮೇಲೂ ಹೇಳುವ ಹಾಗಿಲ್ಲ. ನಾವು ನೀವಾದರೆ ಅಂದಾಜು ಮಾಡಿ ನಾಲ್ಕು ಹೆಸರು ಹೇಳಿಬಿಡುತ್ತೇವೆ. ಡೇಟಾಬೇಸ್ ಹೇಳುವುದಿಲ್ಲ, ಗೊತ್ತಿಲ್ಲದ್ದನ್ನು ಹೌದು ಅಂತಲೂ ಅನ್ನದೆ ಇಲ್ಲ ಅಂತಲೂ ಅನ್ನದೆ ಮೂರನೆಯ ಒಂದು ಬುಟ್ಟಿಗೆ ಹಾಕುತ್ತದೆ, ಮತ್ತು ಸಾಲು ಆರಿಸುವ ವೇರ್ ಷರತ್ತು ಖಾತ್ರಿ ಹೌದು ಅನ್ನಿಸಿಕೊಂಡ ಸಾಲುಗಳನ್ನು ಮಾತ್ರ ಹೊರಗೆ ಬಿಡುತ್ತದೆ. ಹಾಗಾಗಿ ನಿಮಗೆ ಸೊನ್ನೆ ಸಾಲು.

ನಾಟ್ ಇನ್ ಬದಲು ನಾಟ್ ಎಕ್ಸಿಸ್ಟ್ಸ್ ಬಳಸಿ. ಅದು ಒಬ್ಬೊಬ್ಬ ಗಿರಾಕಿಯನ್ನು ಹಿಡಿದು "ಇವರ ನಂಬರಿಗೆ ಹೊಂದುವ ಆರ್ಡರ್ ಸಾಲು ಇದೆಯಾ" ಅಂತ ಮಾತ್ರ ಕೇಳುತ್ತದೆ, ಹೆಸರಿಲ್ಲದ ಕವರ್ ಅದಕ್ಕೆ ಅಡ್ಡ ಬರುವುದಿಲ್ಲ. ಅಥವಾ ಒಳಗಿನ ಕ್ವೆರಿಯಲ್ಲೇ ನಲ್ ಅಲ್ಲದವು ಮಾತ್ರ ಅಂತ ಒಂದು ಷರತ್ತು ಸೇರಿಸಿ.

ಟ್ಯುಟೋರಿಯಲ್‌ನಲ್ಲಿ ಯಾಕೆ ಓಡಿತು? ಅವರ ಉದಾಹರಣೆ ಟೇಬಲ್‌ನಲ್ಲಿ ಐದು ಸಾಲು, ಐದೂ ತುಂಬಿದ ಸಾಲು. ನಮ್ಮ ನಿಮ್ಮ ಅಂಗಡಿಯ ಟೇಬಲ್ ಹಾಗಿರುತ್ತದಾ? ಉದಾಹರಣೆ ಬರೆಯುವವರು ಒಂದೇ ಒಂದು ಕೊಳಕು ಸಾಲು ಸೇರಿಸಿದ್ದರೆ ಈ ತೊಂದರೆಯಲ್ಲಿ ಅರ್ಧದಷ್ಟು ಇರುತ್ತಿರಲಿಲ್ಲ. ಇದೇ ಕಾರಣಕ್ಕೆ ಕೌಂಟ್ ನಕ್ಷತ್ರ ಹಾಕಿದರೆ ಒಂದು ಲೆಕ್ಕ, ಕೌಂಟ್ ಒಳಗೆ ಕಾಲಂ ಹೆಸರು ಹಾಕಿದರೆ ಕಡಿಮೆ ಲೆಕ್ಕ. ಎರಡನೆಯದು ನಲ್ ಇರುವ ಸಾಲನ್ನು ಎಣಿಸುವುದಿಲ್ಲ.

ಪ್ರಶ್ನೆ: ಹೊಸದಾಗಿ ಸೇರಿಸಿದ ಸಾಲು ಯಾವಾಗಲೂ ಕೊನೆಗೆ ಬರುತ್ತದೆ ಅಂತ ನನ್ನ ಪುಸ್ತಕದಲ್ಲಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಹಳೇ ಸಾಲೊಂದನ್ನು ತಿದ್ದಿದ ಮೇಲೆ ಅದೇ ಕೊನೆಗೆ ಹೋಗಿ ಕೂತಿದೆ.
- ಲಿಂಗಸುಗೂರು

ಉತ್ತರ: ಪುಸ್ತಕ ತಪ್ಪು. ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಹಾಕದಿದ್ದರೆ ಯಾವ ಕ್ರಮದ ಭರವಸೆಯೂ ಇಲ್ಲ. ಪೋಸ್ಟ್‌ಗ್ರೆಸ್ ತಿದ್ದುವಾಗ ಹಳೆಯ ಸಾಲಿನ ಮೇಲೇ ಬರೆಯುವುದಿಲ್ಲ, ಹೊಸ ಪ್ರತಿ ಬರೆಯುತ್ತದೆ. ಅದು ಬೇರೆ ಜಾಗದಲ್ಲಿ ಕೂರಬಹುದು.

ಪ್ರಶ್ನೆ: ಹಳ್ಳಿವಾರು ಪಟ್ಟಿಯನ್ನು ಕನ್ನಡದಲ್ಲೇ ಟೈಪ್ ಮಾಡಿಸಿದ್ದೇವೆ. ಗ್ರೂಪ್ ಬೈ ಹಾಕಿದರೆ ಕೊಪ್ಪಳ ಎರಡು ಸಲ ಬರುತ್ತದೆ. ಬಳ್ಳಾರಿ, ರಾಯಚೂರು ಒಂದೊಂದೇ ಸಲ. ಕಣ್ಣಿಗೆ ಎರಡೂ ಕೊಪ್ಪಳ ಒಂದೇ ತರ. ಇದು ಯಾವ ಮ್ಯಾನ್ಯುಯಲ್‌ನಲ್ಲಿ ಇದೆ?
- ಕೊಪ್ಪಳ

ಪ್ರಶ್ನೆ: ಒರಾಕಲ್‌ನಲ್ಲಿ ಪದ ಇಡಲು 20 ಅಕ್ಷರದ ವಾರ್ಚಾರ್2 ಕಾಲಂ ಮಾಡಿದೆ. ಕೊಪ್ಪಳ ಹೋಯಿತು, ಬಳ್ಳಾರಿ ಹೋಗುತ್ತಿಲ್ಲ. ತಮಾಷೆ ಮಾಡುತ್ತಿಲ್ಲ ಮೇಡಂ.
- ಗಂಗಾವತಿ

ಉತ್ತರ: ಎರಡೂ ಪತ್ರ ಒಂದೇ ದಿನ ಬಂದವು. ಓದಿ ನಕ್ಕಿದ್ದೂ ಆಯಿತು, ಕೂತು ಎಣಿಸಿದ್ದೂ ಆಯಿತು. ಒಟ್ಟಿಗೇ ಉತ್ತರ ಬರೆಯುತ್ತೇನೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಬರೆದ ಮ್ಯಾನ್ಯುಯಲ್‌ಗಳಲ್ಲಿ ನಮ್ಮ ಊರಿನ ಉದಾಹರಣೆ ಸಿಗುವುದಿಲ್ಲ.

ಬಳ್ಳಾರಿ ಅಂದರೆ ನಮ್ಮ ಬಾಯಿಗೆ ಮೂರು ಅಕ್ಷರ. ಯೂನಿಕೋಡ್‌ಗೆ, ಅಂದರೆ ಎಲ್ಲ ಲಿಪಿಯ ಗುರುತುಗಳಿಗೂ ನಂಬರ್ ಕೊಟ್ಟ ಪಟ್ಟಿಗೆ, ಏಳು: ಬ, ಳ, ಅರ್ಧಾಕ್ಷರದ ಗುರುತು, ಮತ್ತೆ ಳ, ಆ ಕಾರದ ದೀರ್ಘ, ರ, ಗುಡಿಸು. ಕನ್ನಡದ ಇಂಥ ಒಂದೊಂದು ಗುರುತಿಗೂ ಯುಟಿಎಫ್-8 ಅನ್ನುವ ಉಳಿಸುವ ಕ್ರಮ ಮೂರು ಬೈಟ್ ತಗೊಳ್ಳುತ್ತದೆ. ಏಳು ಮೂರಲೆ ಇಪ್ಪತ್ತೊಂದು. ಒರಾಕಲ್‌ನಲ್ಲಿ ನೀವು ಏನೂ ಹೇಳದೆ 20 ಅಂತ ಬರೆದರೆ ಮಾಮೂಲಿಯಾಗಿ ಅದು 20 ಬೈಟ್, 20 ಅಕ್ಷರ ಅಲ್ಲ. ಬಳ್ಳಾರಿಗೆ ಒಂದು ಬೈಟ್ ಸಾಲದು. ರಾಯಚೂರು ಕೂಡ ಏಳೇ, ಅದೂ ಹೋಗುವುದಿಲ್ಲ. ಕೊಪ್ಪಳ ಆರು, ಹದಿನೆಂಟು ಬೈಟ್, ಆರಾಮಾಗಿ ಕೂರುತ್ತದೆ. ನಿಮಗೆ ಬಂದ 12899 ನಂಬರಿನ ಎರರ್‌ನಲ್ಲಿ ಇದ್ದದ್ದು 21, ಇರಬೇಕಾದ್ದು 20 ಅಂತ ಬರೆದೇ ಇರುತ್ತದೆ, ಇನ್ನೊಮ್ಮೆ ಓದಿ. ಕಾಲಂ ಮಾಡುವಾಗ 20ರ ಪಕ್ಕದಲ್ಲಿ ಚಾರ್ ಅಂತ ಸೇರಿಸಿ, ಆಗ ಬೈಟ್ ಬಿಟ್ಟು ಅಕ್ಷರ ಎಣಿಸುತ್ತದೆ. ಮೈಎಸ್‌ಕ್ಯೂಎಲ್‌ನ ವಾರ್ಚಾರ್ 4.1 ವರ್ಷನ್‌ನಿಂದ ಅಕ್ಷರವನ್ನೇ ಎಣಿಸುತ್ತದೆ. ಆದರೆ ಅಲ್ಲಿ ಲೆಂತ್ ಫಂಕ್ಷನ್ ಬೈಟ್ ಎಣಿಸಿ 21 ಅನ್ನುತ್ತದೆ, ಕ್ಯಾರ್‌ಲೆಂತ್ ಏಳು ಅನ್ನುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಲೆಂತ್ ಏಳು ಅನ್ನುತ್ತದೆ. "ಲೆಂತ್ ಫಂಕ್ಷನ್ ಅಕ್ಷರಗಳ ಸಂಖ್ಯೆ ಕೊಡುತ್ತದೆ" ಅಂತ ಬರೆದ ಟ್ಯುಟೋರಿಯಲ್ ಇಂಗ್ಲಿಷ್ ಹೆಸರಿಗೆ ಸರಿಹೋಗುತ್ತದೆ, ಅಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್. ನಮ್ಮ ಊರ ಹೆಸರು ಹಾಕಿದ ತಕ್ಷಣ ಬಣ್ಣ ಬಯಲು.

ಈಗ ಎರಡು ಕೊಪ್ಪಳದ ಕಥೆ. ಕೊ ಅನ್ನುವಲ್ಲಿ ಇರುವ ಒ ಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಎರಡು ತರ ಬರೆಯಬಹುದು. ಒಂದೇ ಗುರುತಾಗಿ ಬರೆಯಬಹುದು, ಇಲ್ಲವೇ ಎ ಕಾರದ ಗುರುತು ಹಾಕಿ ಅದರ ಮುಂದೆ ಊ ಕಾರದ ಗುರುತು ಹಾಕಬಹುದು. ಪರದೆ ಮೇಲೆ ಎರಡೂ ಕೊ ಆಗಿಯೇ ಕಾಣುತ್ತವೆ. ಬೈಟ್ ಬೇರೆ, ಹಾಗಾಗಿ ಬೈಟ್ ಹೋಲಿಸುವ ಡೇಟಾಬೇಸ್‌ಗೆ ಊರೇ ಬೇರೆ. ನಿಮ್ಮಲ್ಲಿ ಇಬ್ಬರು ಟೈಪಿಸ್ಟ್ ಬೇರೆ ಬೇರೆ ಕೀಬೋರ್ಡ್ ತಂತ್ರಾಂಶ ಬಳಸಿರಬೇಕು. ಬಳ್ಳಾರಿ, ರಾಯಚೂರಿನಲ್ಲಿ ಹೀಗೆ ಎರಡು ತರ ಬರೆಯಬಹುದಾದ ಗುರುತು ಇಲ್ಲ, ಅದಕ್ಕೇ ಬಚಾವ್. ಪೋಸ್ಟ್‌ಗ್ರೆಸ್ 13 ಅಥವಾ ಅದಕ್ಕಿಂತ ಹೊಸದಾದರೆ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ, ಒಮ್ಮೆ ಓಡಿಸಿ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಅಂಥ ಫಂಕ್ಷನ್ ಇಲ್ಲದ ಡೇಟಾಬೇಸ್ ಆದರೆ ಒಳಗೆ ಹಾಕುವ ಮುಂಚೆ ಪ್ರೋಗ್ರಾಂನಲ್ಲೇ ಮಾಡಿಕೊಳ್ಳಬೇಕು.

ಕಣ್ಣಿಗೆ ಕಾಣದ ಇನ್ನೊಂದು ಗುರುತೂ ಇದೆ. ಅರ್ಧಾಕ್ಷರ ಕೆಳಗೆ ಒತ್ತಾಗಿ ಇಳಿಯದಿರಲಿ ಅಂತ ಟೈಪಿಂಗ್‌ನಲ್ಲಿ ನಡುವೆ ಹಾಕುವ ಶೂನ್ಯ ಅಗಲದ ಗುರುತು. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಅಲ್ಲೂ ಹೋಲಿಕೆ ತಪ್ಪುತ್ತದೆ. ಇನ್ನು ಹಳೆಯ ನುಡಿ ಫಾಂಟ್‌ನ ಕಡತ ತಂದು ಹಾಗೇ ತುಂಬಿದ್ದರೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಉಳಿದ ಮಾತು. ಊರ ಹೆಸರನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರೂ ನಗಬೇಡಿ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತಲ್ಲ, ನಿಮ್ಮ ಟೇಬಲ್‌ನಲ್ಲಿ ಹಳೆಯದೂ ಹೊಸದೂ ಎರಡೂ ಇರುತ್ತವೆ, ಪಣ ಕಟ್ಟುತ್ತೇನೆ.

ಪ್ರಶ್ನೆ: ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8 ಇಟ್ಟರೆ ಜಗತ್ತಿನ ಎಲ್ಲ ಲಿಪಿ ಹೋಗುತ್ತವೆ ಅಂತ ಓದಿದ್ದೆ. ಕನ್ನಡ ಹೋಯಿತು. ಗ್ರಾಹಕರೊಬ್ಬರು ಕೈಮುಗಿಯುವ ಇಮೋಜಿ ಹಾಕಿದರು, ಎಲ್ಲ ನಿಂತಿತು.
- ಸಿರುಗುಪ್ಪ

ಉತ್ತರ: ಇಲ್ಲಿ ತಪ್ಪು ಹೆಸರಿನಲ್ಲೇ ಇದೆ. ಮೈಎಸ್‌ಕ್ಯೂಎಲ್ ಯುಟಿಎಫ್8 ಅಂತ ಕರೆದದ್ದು ಅಕ್ಷರಕ್ಕೆ ಮೂರು ಬೈಟ್ ತನಕ ಮಾತ್ರ ಹಿಡಿಯುವ ಒಂದು ಮೊಟಕು ರೂಪವನ್ನು. ಕನ್ನಡಕ್ಕೆ ಮೂರು ಸಾಕು, ಇಮೋಜಿಗೆ ನಾಲ್ಕು ಬೇಕು. ನಿಜವಾದ ಯುಟಿಎಫ್-8 ಬೇಕಿದ್ದರೆ ಯುಟಿಎಫ್8ಎಂಬಿ4 ಅಂತ ಬರೆಯಬೇಕು. ಅದು 2010ರಲ್ಲಿ 5.5.3 ವರ್ಷನ್‌ನಲ್ಲಿ ಬಂತು, 8.0ರಲ್ಲಿ ಅದೇ ಮಾಮೂಲಿಯಾಯಿತು. ಟೇಬಲ್ ಬದಲಾಯಿಸಿದರೆ ಸಾಲದು, ನಿಮ್ಮ ಪ್ರೋಗ್ರಾಂ ಡೇಟಾಬೇಸ್ ಜೊತೆ ಮಾಡುವ ಸಂಪರ್ಕಕ್ಕೂ ಅದೇ ಹೆಸರು ಹೇಳಬೇಕು. ಬಹಳ ಜನ ಅದನ್ನು ಮರೆತು ಮತ್ತೆ ನನಗೇ ಬರೆಯುತ್ತಾರೆ.

ಪ್ರಶ್ನೆ: ಕಂಪನಿಯವರೇ ಬರೆದ ಮ್ಯಾನ್ಯುಯಲ್‌ನಲ್ಲೂ ತಪ್ಪು ಇರುತ್ತದಾ? ಇದ್ದರೆ ನಮ್ಮಂಥವರು ಹೇಳಿದರೆ ಕೇಳ್ತಾರಾ?
- ಮಸ್ಕಿ

ಉತ್ತರ: ಮಸ್ಕಿಯವರು ಈ ಪ್ರಶ್ನೆ ಕೇಳಿದ್ದು ಚೆನ್ನಾಗಿದೆ. ನಿಮ್ಮ ಊರಿನ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಶಾಸನದಲ್ಲಿ ಅಶೋಕನ ಹೆಸರೇ ಇದೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದೇ ಅಶೋಕನ ಹದಿನಾಲ್ಕನೆಯ ಬಂಡೆ ಶಾಸನದಲ್ಲಿ ಒಂದು ಮಾತಿದೆ: ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಲಿಪಿಕಾರನ ತಪ್ಪೂ ಕಾರಣ ಇರಬಹುದು. ಈ ಹದಿನಾಲ್ಕನೆಯದು ನಮಗೆ ಹತ್ತಿರದ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಕಲ್ಲಿನ ಮೇಲೆ ಕೆತ್ತಿಸಿದ ಚಕ್ರವರ್ತಿಯೇ ತಪ್ಪಿರಬಹುದು ಅಂದಮೇಲೆ ವೆಬ್ ಪುಟ ಯಾವ ಲೆಕ್ಕ.

ಒಳ್ಳೆಯ ಮ್ಯಾನ್ಯುಯಲ್‌ಗಳು ತಮ್ಮ ಹುಳುಕನ್ನು ತಾವೇ ಬರೆದುಕೊಳ್ಳುತ್ತವೆ. ಎಸ್‌ಕ್ಯೂಲೈಟ್ ನೋಡಿ, ನಿಮ್ಮ ಫೋನಿನೊಳಗೂ ಇರುವ ಡೇಟಾಬೇಸ್ ಅದು. ಅದರಲ್ಲಿ ಬಹುತೇಕ ಪ್ರೈಮರಿ ಕೀ ಕಾಲಂಗಳು, ಅಂದರೆ ಪ್ರತಿ ಸಾಲನ್ನೂ ಗುರುತಿಸುವ ಕಾಲಂಗಳು, ನಲ್ ಅನ್ನು ಒಪ್ಪಿಕೊಂಡುಬಿಡುತ್ತವೆ. ನಿಯಮದ ಪ್ರಕಾರ ಒಪ್ಪಬಾರದು. ಶುರುವಿನ ವರ್ಷನ್‌ಗಳ ಒಂದು ಬಗ್ ಅದು. ಗೊತ್ತಾಗುವ ಹೊತ್ತಿಗೆ ಎಷ್ಟೋ ಪ್ರೋಗ್ರಾಂಗಳು ಅದನ್ನೇ ನಂಬಿ ಕೂತಿದ್ದವು. ತಿದ್ದಿದರೆ ಅವು ಮುರಿಯುತ್ತವೆ ಅಂತ ತಿದ್ದಲಿಲ್ಲ, ಇದು ನಮ್ಮ ಬಗ್ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದರು. ನನಗೆ ಈ ಪ್ರಾಮಾಣಿಕತೆ ಬಹಳ ಇಷ್ಟ.

ಹೇಳಿದರೆ ಕೇಳುತ್ತಾರೆ. ಪೋಸ್ಟ್‌ಗ್ರೆಸ್ ಮ್ಯಾನ್ಯುಯಲ್‌ನ ಪುಟಗಳ ಕೆಳಗೆ ತಪ್ಪು ಕಂಡರೆ ತಿಳಿಸಿ ಅಂತ ಫಾರಂ ಇದೆ. ಮೈಎಸ್‌ಕ್ಯೂಎಲ್‌ನ ಬಗ್ ಪಟ್ಟಿಯಲ್ಲಿ ಡಾಕ್ಯುಮೆಂಟ್‌ಗೇ ಬೇರೆ ವಿಭಾಗ ಇದೆ. ಕಳಿಸುವಾಗ ಉದ್ದ ಕಥೆ ಬೇಡ. ಯಾವ ಪುಟ, ಯಾವ ವರ್ಷನ್, ಪುಟದಲ್ಲಿ ಏನಿದೆ, ನಿಮಗೆ ಏನು ಬಂತು, ಅದನ್ನು ತೋರಿಸುವ ಮೂರು ಸಾಲಿನ ಟೇಬಲ್. ಇಂಗ್ಲಿಷ್ ಸಣ್ಣಪುಟ್ಟ ತಪ್ಪಿದ್ದರೂ ಪರವಾಗಿಲ್ಲ, ಕ್ವೆರಿ ತಪ್ಪಿರಬಾರದು ಅಷ್ಟೇ. ಡೊನಾಲ್ಡ್ ಕನೂತ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ತನ್ನ ಪುಸ್ತಕದಲ್ಲಿ ತಪ್ಪು ಹಿಡಿದವರಿಗೆ 2008ರ ತನಕ 2.56 ಡಾಲರ್ ಚೆಕ್ ಕೊಡುತ್ತಿದ್ದವರು. 256 ಸೆಂಟ್ ಅಂದರೆ ಹದಿನಾರರ ಆಧಾರದ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ ಸರಿಯಾಗಿ ಒಂದು ಡಾಲರ್ ಅಂತೆ. ಡೇಟಾಬೇಸ್‌ನವರಿಂದ ಹಣ ನಿರೀಕ್ಷಿಸಬೇಡಿ.

ಪ್ರಶ್ನೆ: ಮ್ಯಾನ್ಯುಯಲ್ ಯಾಕೆ, ಎಐ ಕೇಳಿದರೆ ಆಗಲ್ವಾ?
- ಬಳ್ಳಾರಿ

ಉತ್ತರ: ಕೇಳಿ, ತಪ್ಪಿಲ್ಲ. ಡೇಟಾಬೇಸ್ ಹೆಸರು ಮತ್ತು ವರ್ಷನ್ ಹೇಳದೆ ಕೇಳಬೇಡಿ. ಎರಡು ತಾರೀಖಿನ ಅಂತರ ಹೇಳುವ ಡೇಟ್‌ಡಿಫ್ ಒಂದೇ ಸಾಕು ಉದಾಹರಣೆಗೆ. ಮೈಎಸ್‌ಕ್ಯೂಎಲ್‌ನಲ್ಲಿ ಎರಡೇ ತಾರೀಖು ಕೊಡಬೇಕು, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೂರು ಕೊಡಬೇಕು, ಮೊದಲು ದಿನವೋ ತಿಂಗಳೋ ವರ್ಷವೋ ಅಂತ, ಮತ್ತು ಕಳೆಯುವುದು ಉಲ್ಟಾ, ಎರಡನೇ ತಾರೀಖಿನಿಂದ ಮೊದಲನೆಯದನ್ನು. ಅದೂ ವರ್ಷ ಅಂತ ಕೇಳಿದರೆ 2023ರ ಡಿಸೆಂಬರ್ 31ಕ್ಕೂ 2024ರ ಜನವರಿ 1ಕ್ಕೂ ನಡುವೆ ಒಂದು ವರ್ಷ ಅನ್ನುತ್ತದೆ, ಯಾಕೆಂದರೆ ದಾಟಿದ ಗಡಿಯನ್ನು ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್‌ಡಿಫ್ ಇಲ್ಲವೇ ಇಲ್ಲ, ಒಂದು ತಾರೀಖಿನಿಂದ ಇನ್ನೊಂದನ್ನು ನೇರ ಕಳೆದರೆ ಆಯಿತು. ಮೂರೂ ಬೆರೆತ ಚಿತ್ರಾನ್ನ ಕೊಟ್ಟರೆ ಗುರುತು ಹಿಡಿಯುವಷ್ಟು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಮೇಡಂ, ಹಿಂದಿನ ಸಂಚಿಕೆಯಲ್ಲಿ ನೀವು "ಎರಡು ಪದ ಜೋಡಿಸಲು ನಡುವೆ ಎರಡು ನಿಂತ ಗೆರೆ ಹಾಕಿ" ಅಂತ ಬರೆದಿದ್ದಿರಿ. ನಮ್ಮ ಬೀಜದ ಅಂಗಡಿಯ ಲೇಬಲ್‌ಗೆ ಊರು, ಜಿಲ್ಲೆ ಜೋಡಿಸಿ ಪ್ರಿಂಟ್ ಕೊಟ್ಟೆ. ಪ್ರತಿ ಲೇಬಲ್ ಮೇಲೂ 0 ಬಂದಿದೆ. ಒಂದು ಪೂರ್ತಿ ರೋಲ್ ಹೋಯಿತು.
- ಸಿಂಧನೂರು

ಉತ್ತರ: ತಪ್ಪು ನನ್ನದೇ. ನಾನು ಬರೆದದ್ದು ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯೂಲೈಟ್‌ಗೆ ಸರಿ, ಎಸ್‌ಕ್ಯೂಎಲ್ ಮಾನಕದಲ್ಲೂ ಹಾಗೇ ಇದೆ. ನೀವು ಮೈಎಸ್‌ಕ್ಯೂಎಲ್ ಬಳಸುತ್ತೀರಿ ಅಂತ ಕಾಣುತ್ತದೆ, ಅಲ್ಲಿ ಮಾಮೂಲಿಯಾಗಿ ಆ ಎರಡು ನಿಂತ ಗೆರೆ ಅಂದರೆ "ಅಥವಾ". ಊರು ಅಥವಾ ಜಿಲ್ಲೆ ನಿಜವೇ ಅಂತ ಅದು ಯೋಚಿಸಿ, ಎರಡೂ ಅಂಕಿ ಅಲ್ಲದ್ದರಿಂದ ಎರಡನ್ನೂ ಸೊನ್ನೆ ಮಾಡಿ, ಸೊನ್ನೆ ಅಂತ ತೀರ್ಪು ಕೊಟ್ಟಿದೆ. ಯಾವ ಡೇಟಾಬೇಸ್ ಅಂತ ಬರೆಯದೆ ನಾನೂ ಅರ್ಧ ಬರೆದೆ.

ಮೈಎಸ್‌ಕ್ಯೂಎಲ್‌ನಲ್ಲಿ ಕಾನ್‌ಕ್ಯಾಟ್ ಬಳಸಿ. ಅದರಲ್ಲೂ ಒಂದು ಮುಳ್ಳಿದೆ, ಜೋಡಿಸುವ ಯಾವುದಾದರೂ ಒಂದು ನಲ್ ಆಗಿದ್ದರೆ ಇಡೀ ಉತ್ತರ ನಲ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನ ಕಾನ್‌ಕ್ಯಾಟ್ ಆದರೆ ನಲ್ ಅನ್ನು ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಜಿಲ್ಲೆ ಖಾಲಿ ಇರುವ ಊರು ನಿಮ್ಮ ಪಟ್ಟಿಯಲ್ಲಿ ಇದ್ದರೆ ಕೊಅಲೆಸ್ ಹಾಕಿ ಖಾಲಿ ಪದ ತುಂಬಿ, ಮೊದಲು ಹತ್ತೇ ಲೇಬಲ್ ಪ್ರಿಂಟ್ ಮಾಡಿ ನೋಡಿ.

ರೋಲ್‌ನ ಬಿಲ್ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಸಂಪಾದಕರು ಕೊಡದಿದ್ದರೆ ನಾನು ಕೊಡುತ್ತೇನೆ.